ಕ್ಯಾರವಾನ್ ಆದ್ರೆ ಕಲೆ, ಗುಡಾರ ಆದ್ರೆ ಒತ್ತುವರಿಯಾ?



ಚಕ್ರದ ಮೇಲಿನ ಮನೆ ಈಗ ಫ್ಯಾಷನ್. ಮರವಂತೆ ಕಡಲ ಬದಿ ಕ್ಯಾರವಾನ್ ನಿಂತರೆ ಅದರ ಮಡಚುವ ಮಂಚವೂ ವಾಸ್ತುಶಿಲ್ಪ. ಅದೇ ಹೆದ್ದಾರಿ 66ರ ಬದಿ ಅಲೆಮಾರಿಗಳು ನಾಲ್ಕು ಬಿದಿರು ಬಗ್ಗಿಸಿ ಟಾರ್ಪಾಲು ಕಟ್ಟಿದ್ರೆ ‘ಎಬ್ಬಿಸಿ’ ಅಂತೀರಿ. ಬೇಗ ಕಟ್ಟಿ, ಬಿಚ್ಚಿ, ಹೊರೆ ಮಾಡಿ ಹೊತ್ತೊಯ್ಯುವ ಆ ಮನೆಯಲ್ಲಿ ಬುದ್ಧಿ ಇಲ್ವಾ?

ಸಾಲಿಗ್ರಾಮ ಮೇಳದ ಡೇರೆ ಎದ್ದರೆ ನಾವೆಲ್ಲ ಕಲೆ ಅಂತ ಹೋಗಿ ಕೂರ್ತೇವೆ. ಊರೂರು ತಿರುಗಿ ತೊಗಲುಗೊಂಬೆ ಆಡಿಸಿದ ಸಿಳ್ಳೇಕ್ಯಾತರೂ ಕಲಾವಿದರೇ. ಬುರ್ರಕಥೆಯ ದರೋಜಿ ಈರಮ್ಮ ಬಂದದ್ದು ಅಲೆಮಾರಿ ಬುಡ್ಗ ಜಂಗಮರಿಂದ. ಕಲೆಗೆ ಪ್ರಶಸ್ತಿ, ಕಲಾವಿದರ ಗುಡಾರಕ್ಕೆ ಪೊಲೀಸು. ಇದೆಂತ ನ್ಯಾಯ?

ಅಲೆಮಾರಿಗಳಿಗೆ ಹುಟ್ಟಪರಾಧಿ ಹಣೆಪಟ್ಟಿ ಹಚ್ಚಿದ 1871ರ ಕಾಯ್ದೆಯ ಪರಂಪರೆ 1952ರಲ್ಲಿ ರದ್ದಾಯ್ತು. ನೋಡುವ ಕಣ್ಣು ಬದಲಾಗಿಲ್ಲ. ನಾಗಮೋಹನದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕ ಶೇ 1 ಒಳಮೀಸಲಾತಿ ಕೊಡಿ ಅಂದಿತ್ತು. 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಅವರನ್ನು ಲಂಬಾಣಿ, ಭೋವಿ, ಕೊರಮ, ಕೊರಚರಿರುವ ಶೇ 5ರ ಗುಂಪಿಗೆ ಸೇರಿಸಿತು. ಗುಡಾರದ ಮಗು ಅಲ್ಲಿ ಯಾರ ಜೊತೆ ಸ್ಪರ್ಧಿಸಬೇಕು?

ನಾನು ಗುಮಾಸ್ತ. ಅರ್ಜಿಯ ‘ಖಾಯಂ ವಿಳಾಸ’ ಕಾಲಂ ಖಾಲಿಯಿದ್ರೆ ಫೈಲು ಏಳೋದಿಲ್ಲ ಅಂತ ಗೊತ್ತು. ಮನೆ ಕೇಳೋದಕ್ಕೂ ಮನೆ ಬೇಕು!

ನೆಲೆ ನಿಲ್ಲುವವರಿಗೆ ಹಕ್ಕುಪತ್ರ ಕೊಡಿ. ತಿರುಗುವವರಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಲ್ಲಿ ನೀರು, ಶೌಚಾಲಯ ಇರೋ ಜಾಗ ಗುರುತಿಸಿ. ಪ್ರತ್ಯೇಕ ಶೇ 1 ಕೊಡಿ. ಗುಡಾರವನ್ನು ಮ್ಯೂಸಿಯಂನಲ್ಲಿಟ್ಟು ಹೊಗಳೋದು ಆಮೇಲೆ.

ಜೈ ಭೀಮ್.