ಗೃಹಸ್ಥರೊಡನೆ ಎರಡು ಮಾತು: ವಿದ್ಯುಚ್ಚಿಕಿತ್ಸೆ

ವಾಚಕ ಮಹಾಶಯರೊಬ್ಬರು ಹೀಗೆ ಬರೆದು ಕೇಳಿರುವರು: “ನನ್ನ ತಮ್ಮನು ಎರಡು ತಿಂಗಳಿಂದ ಅನ್ನವನ್ನು ನೆಟ್ಟಗೆ ಮುಟ್ಟದೆ, ಬದುಕೇ ಬೇಡವೆಂದು ಗೋಡೆಗೆ ಮುಖಮಾಡಿ ಮಲಗಿರುತ್ತಾನೆ. ಔಷಧಗಳಿಂದ ಗುಣ ಕಾಣಲಿಲ್ಲ. ತಲೆಗೆ ವಿದ್ಯುತ್ತನ್ನು ಹಾಯಿಸಬೇಕೆಂದು ವೈದ್ಯರು ಹೇಳುತ್ತಾರೆ. ಮಗನನ್ನು ಹಿಂಸಿಸಲೊಲ್ಲೆನೆಂದು ತಾಯಿಯವರು ಅಳುತ್ತಾರೆ. ಏನು ಮಾಡೋಣ?”

ಇದಕ್ಕೆ ನಿರ್ಣಯ ಹೇಳತಕ್ಕವರು ರೋಗಿಯನ್ನು ಪರೀಕ್ಷಿಸಿದ ವೈದ್ಯರೇ ಹೊರತು ನಾವಲ್ಲ. ಆದರೆ ತಾಯಿಯವರ ಭಯವನ್ನು ಕುರಿತು ಎರಡು ಮಾತು ಹೇಳಬಹುದು.

ಚರಕಸಂಹಿತೆಯಲ್ಲಿ ಉನ್ಮಾದಕ್ಕೆ ಹೇಳಿರುವ ಉಪಾಯಗಳೊಳಗೆ, ಹಲ್ಲು ಕಿತ್ತ ಹಾವು, ಪಳಗಿಸಿದ ಸಿಂಹ ಮೊದಲಾದುವುಗಳಿಂದ ರೋಗಿಯನ್ನು ಹೆದರಿಸುವುದೂ ಒಂದು. ವಿದ್ಯುಚ್ಚಿಕಿತ್ಸೆಯೂ ಅಂತಹ ತ್ರಾಸನವೇ ಎಂದು ಅನೇಕರು ಭಾವಿಸಿರುವರು. ಅದು ಸರಿಯಲ್ಲ. ಇಲ್ಲಿ ಗುಣಕ್ಕೆ ಕಾರಣವಾಗುವುದು ಭಯವೂ ಅಲ್ಲ, ನೋವೂ ಅಲ್ಲ. ಮಿದುಳಿನಲ್ಲಿ ಉಂಟುಮಾಡುವ, ಅಪಸ್ಮಾರದಂತಹ ಸೆಳವು.

ಅಪಸ್ಮಾರವೂ ಒಂದು ಬಗೆಯ ಚಿತ್ತವಿಕಾರವೂ ಪರಸ್ಪರ ವಿರೋಧಿಗಳೆಂದು ಬಗೆದು, ಬುಡಾಪೆಸ್ಟ್ ನಗರದ ಮೆಡೂನ ಎಂಬ ವೈದ್ಯನು 1934ರಲ್ಲಿ ಕರ್ಪೂರವನ್ನು ಚುಚ್ಚಿ ಸೆಳವನ್ನು ಬರಿಸಿದನು. 1938ರಲ್ಲಿ ರೋಮ್ ನಗರದ ಚೆರ್ಲೆಟ್ಟಿ, ಬಿನಿ ಎಂಬವರು ವಿದ್ಯುತ್ತಿನಿಂದ ಅದನ್ನು ಸಾಧಿಸಿದರು. ಮೆಡೂನನ ತರ್ಕವು ಬಿದ್ದುಹೋಯಿತು. ಚಿಕಿತ್ಸೆ ಮಾತ್ರ ಉಳಿಯಿತು. ಆಗ ಅರಿವಳಿಕೆಯಿಲ್ಲದೆ ಮಾಡುತ್ತಿದ್ದುದರಿಂದ, ಸೆಳವಿನ ರಭಸಕ್ಕೆ ಮೂಳೆ ಮುರಿದದ್ದೂ ಉಂಟು. ಜನರ ಭಯಕ್ಕೆ ಬೀಜ ಅಲ್ಲಿಯದು.

ಈಗಿನ ಕ್ರಮವೇ ಬೇರೆ. ರೋಗಿಗೆ ಅರಿವಳಿಕೆಯನ್ನೂ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಟ್ಟು, ಪ್ರಾಣವಾಯುವನ್ನು ಒದಗಿಸಿ, ಕೆಲವೇ ಸೆಕೆಂಡು ವಿದ್ಯುತ್ತನ್ನು ಹಾಯಿಸುತ್ತಾರೆ. ಸೆಳವು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ವಾರಕ್ಕೆ 2 ಅಥವಾ 3 ಸಲದಂತೆ ಬಹುಶಃ 6ರಿಂದ 12 ಸಲ ಮಾಡುವುದುಂಟು. ಅರಿವಳಿಕೆ ಮತ್ತು ಸಡಿಲಿಸುವ ಔಷಧಗಳಿಲ್ಲದೆ ಇದನ್ನು ಮಾಡಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ. ಅನ್ನನೀರು ಬಿಟ್ಟವರಿಗೆ, ಆತ್ಮಹತ್ಯೆಯ ಅಪಾಯವಿರುವವರಿಗೆ, ಮರದಂತೆ ಸ್ತಬ್ಧರಾದವರಿಗೆ, ಔಷಧಕ್ಕಿಂತ ಶೀಘ್ರವಾಗಿ ಇದು ಫಲ ಕೊಡುವುದೇ ಇದರ ಹಿರಿಮೆ.

ದೋಷವನ್ನೂ ಮರೆಮಾಚಬಾರದು. ತಲೆನೋವು, ಸ್ವಲ್ಪ ಹೊತ್ತಿನ ಮಂಕು ಇವು ಸಾಮಾನ್ಯ. ಚಿಕಿತ್ಸೆಯ ಹತ್ತಿರದ ವಾರ ತಿಂಗಳುಗಳ ನೆನಪು ಅಳಿಸಬಹುದು; ಬಹುಮಟ್ಟಿಗೆ ಅದು ಮರಳಿದರೂ, ಕೆಲವರಿಗೆ ಕೆಲವು ನೆನಪುಗಳು ಮರಳುವುದೇ ಇಲ್ಲ. ನೆನಪೆಂಬುದು ಅಲ್ಪವಾದ ಸ್ವತ್ತಲ್ಲ. ಗುಣವಾದ ಮೇಲೂ ಔಷಧವನ್ನು ಮುಂದುವರಿಸದಿದ್ದರೆ ರೋಗವು ಮರುಕಳಿಸುವ ಸಂಭವವು ಹೆಚ್ಚು.

ಆದುದರಿಂದ ಪತ್ರ ಬರೆದ ಮಹನೀಯರು ತಾಯಿಯವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಲಿ. ಎಷ್ಟು ಸಲ ಮಾಡುವಿರಿ, ಅರಿವಳಿಕೆಯನ್ನು ಕೊಡುವವರು ಯಾರು, ನೆನಪಿಗೆ ಏನಾಗಬಹುದು, ಮಾಡದಿದ್ದರೆ ಏನಾಗಬಹುದು ಎಂದು ಸಂಕೋಚವಿಲ್ಲದೆ ಕೇಳಲಿ. ಎಲ್ಲಕ್ಕೂ ಮೊದಲು, ತಿಳಿಯುವಷ್ಟು ಬುದ್ಧಿ ಸ್ಥಿರವಾಗಿದ್ದರೆ, ತಮ್ಮನನ್ನೇ ಕೇಳಬೇಕು; ಒಪ್ಪಿಗೆಯು ಮೊದಲು ಅವನದು. ನೆಂಟರು ಏನೆಂದಾರೆಂಬ ಲಜ್ಜೆಯಿಂದ ಮಾತ್ರ ದಿನಗಳೆಯಬಾರದು. ಅನ್ನ ಬಿಟ್ಟವನ ಮನೆಯಲ್ಲಿ ವಿಳಂಬವೂ ಒಂದು ಹಿಂಸೆಯೇ.