ಫೆಡರಲ್ ಕೋರ್ಟಿಗೆ ಓಡಿದ್ರೆ ಮನೆ ಉಳಿಯಲ್ಲ



ಅಮೆರಿಕದಲ್ಲಿರೋ ನಮ್ಮವರ ಗ್ರೂಪುಗಳಲ್ಲಿ ಒಂದು ಸಲಹೆ ಓಡಾಡ್ತಿದೆ. ಮನೆ ಓನರ್ ಖಾಲಿ ಮಾಡಿಸೋಕೆ ರಾಜ್ಯದ ಕೋರ್ಟಲ್ಲಿ ಕೇಸು ಹಾಕಿದ್ರೆ ತಕ್ಷಣ ಅದನ್ನ ಫೆಡರಲ್ ಕೋರ್ಟಿಗೆ ಎಳ್ಕೊಂಡು ಹೋಗಿ, ಅಲ್ಲಿ ಜಾತಿ ತಾರತಮ್ಯದ ಪ್ರಶ್ನೆ ಎತ್ತಿ ಅಂತ. ಸಲಹೆ ಕೊಡೋರ ಕಾಳಜಿ ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ದಾರಿ ಹಿಡಿದವರು ಮನೆಯ ಜೊತೆ ಕೈಲಿದ್ದ ಸಮಯವನ್ನೂ ಕಳ್ಕೊಳ್ತಾರೆ. ಯಾಕೆ ಅಂತ ಹೇಳ್ತೀನಿ.

ಅಲ್ಲಿ ಎರಡು ಬಗೆಯ ಕೋರ್ಟುಗಳಿವೆ. ಬಾಡಿಗೆ, ಮನೆ ಖಾಲಿ ಮಾಡಿಸೋದು ಎಲ್ಲ ರಾಜ್ಯದ ಕೋರ್ಟಿನ ವಿಷಯ. ಪ್ರತಿವಾದಿ ಒಂದು ನೋಟಿಸ್ ಫೈಲ್ ಮಾಡಿ ಕೇಸನ್ನ ಫೆಡರಲ್ ಕೋರ್ಟಿಗೆ ವರ್ಗಾಯಿಸಬಹುದು. ಹಾಗೆ ಮಾಡಿ ರಾಜ್ಯದ ಕೋರ್ಟಿಗೆ ತಿಳಿಸಿದ ಕೂಡಲೇ, ಕೇಸು ವಾಪಸ್ ಬರೋವರೆಗೂ ಆ ಕೋರ್ಟು ಮುಂದುವರಿಯೋ ಹಾಗಿಲ್ಲ. ಆಸೆ ಹುಟ್ಟಿಸೋದು ಇದೇ. ನಾಳೆ ಬಾಗಿಲಿಗೆ ಶೆರಿಫ್ ಬರ್ತಾನೆ ಅಂತ ಗೊತ್ತಿರೋ ತಾಯಿಗೆ ಎರಡು ವಾರ ಸಿಕ್ಕರೂ ದೊಡ್ಡದೇ. ಅಂಥವಳನ್ನ ನಾನು ಬೈಯಲ್ಲ.

ಆದರೆ ಫೆಡರಲ್ ಜಡ್ಜ್ ಮೊದಲು ಕೇಳೋದು ಒಂದೇ ಪ್ರಶ್ನೆ: ಈ ಕೇಸು ಕೇಳೋ ಅಧಿಕಾರ ನನಗಿದೆಯಾ? ಅದಕ್ಕೆ ಮುಖ್ಯವಾಗಿ ಮೂರು ಬಾಗಿಲು.

ಒಂದು, ಫೆಡರಲ್ ಕಾನೂನಿನ ಪ್ರಶ್ನೆ. ಅದು ವಾದಿಯ, ಅಂದ್ರೆ ಓನರ್‌ನ ಅರ್ಜಿಯಲ್ಲೇ ಇರಬೇಕು. ಬಾಡಿಗೆದಾರ ತನ್ನ ಉತ್ತರದಲ್ಲಿ ಎಷ್ಟು ಫೆಡರಲ್ ಕಾನೂನು ಹೆಸರಿಸಿದ್ರೂ ಲೆಕ್ಕಕ್ಕಿಲ್ಲ. 1908ರ ಮಾಟ್ಲಿ ಕೇಸಿಂದ ಇದೇ ನಿಯಮ. ಪ್ರತಿದಾವೆ ಹಾಕಿದ್ರೂ ಆಗಲ್ಲ ಅಂತ 2009ರಲ್ಲಿ ವೇಡನ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಎರಡು, ವಾದಿ ಪ್ರತಿವಾದಿ ಬೇರೆ ಬೇರೆ ರಾಜ್ಯದವರಾಗಿದ್ದು, ವಿವಾದದ ಮೊತ್ತ 75,000 ಡಾಲರ್ ಮೀರಿರಬೇಕು. ಬಾಡಿಗೆ ಬಾಕಿ ಅಷ್ಟು ದೊಡ್ಡದಾಗೋದು ಅಪರೂಪ. ಮೀರಿದ್ರೂ, ಕೇಸು ನಡೀತಿರೋ ರಾಜ್ಯದ ನಿವಾಸಿಯೇ ಪ್ರತಿವಾದಿ ಆಗಿದ್ರೆ ಈ ದಾರಿಯಲ್ಲಿ ವರ್ಗಾವಣೆಗೆ ಕಾನೂನಿನ ಅಡ್ಡಿ ಇದೆ. ಬಾಡಿಗೆದಾರ ಸಾಮಾನ್ಯವಾಗಿ ಅಲ್ಲೇ ಇರೋನು ತಾನೇ?

ಮೂರನೇದು ನಾಗರಿಕ ಹಕ್ಕುಗಳ ಬಾಗಿಲು. ನಮ್ಮವರ ಕಣ್ಣು ಬಿದ್ದಿರೋದು ಇದರ ಮೇಲೆ. ಇದರ ಚರಿತ್ರೆ ನಾವು ಓದಲೇಬೇಕು.

ಗುಲಾಮಗಿರಿ ಕಾನೂನಿನಲ್ಲಿ ಸತ್ತ ಮೇಲೆ 1866ರ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ದಕ್ಷಿಣದ ರಾಜ್ಯಗಳ ಕೋರ್ಟಲ್ಲಿ ಕಪ್ಪು ಜನರಿಗೆ ನ್ಯಾಯ ಸಿಗಲ್ಲ ಅಂತ ಗೊತ್ತಿದ್ದೇ ಅದರಲ್ಲಿ ಈ ಬಾಗಿಲು ಇಟ್ಟರು. ಇವತ್ತದು 1443ನೇ ಕಲಂ. ನೂರು ವರ್ಷ ಆದಮೇಲೆ, 1966ರ ಜೂನ್ 20ರಂದು ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಅಟ್ಲಾಂಟಾದ ಹೋಟೆಲುಗಳಲ್ಲಿ ಊಟ ಕೇಳಿದ್ದಕ್ಕೆ ಅತಿಕ್ರಮಣದ ಕೇಸು ಹಾಕಿಸ್ಕೊಂಡವರಿಗೆ ರೇಚಲ್ ಕೇಸಲ್ಲಿ ಬಾಗಿಲು ತೆರೆಯಿತು. ಬಣ್ಣದ ಕಾರಣಕ್ಕೇ ಹೊರಗೆ ಹಾಕಿದ್ದರು ಅನ್ನೋದು ಸಾಬೀತಾದ್ರೆ ಸಾಕು. ಯಾಕಂದ್ರೆ 1964ರ ಕಾಯ್ದೆ ಅಂಥವರ ಮೇಲೆ ಕೇಸು ನಡೆಸೋದನ್ನೇ ತಡೆದಿತ್ತು. ಅದೇ ದಿನ ಪೀಕಾಕ್ ಕೇಸಲ್ಲಿ, ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ಮತದಾರರ ನೋಂದಣಿಗೆ ದುಡಿದು ಬಂಧನಕ್ಕೊಳಗಾದವರಿಗೆ 5-4ರಲ್ಲಿ ಬಾಗಿಲು ಮುಚ್ಚಿತು. ಪೊಲೀಸರು, ಸ್ಥಳೀಯ ಕೋರ್ಟು ಅನ್ಯಾಯ ಮಾಡ್ತಾರೆ ಅನ್ನೋದು ಸಾಲದು. ಹಕ್ಕು ನಿರಾಕರಣೆ ಸಾಮಾನ್ಯವಾಗಿ ರಾಜ್ಯದ ಕಾನೂನಲ್ಲೇ ಕಾಣಬೇಕು ಅಂದಿತು.

ಮಿಸಿಸಿಪ್ಪಿಯ ಕೋರ್ಟು ನ್ಯಾಯ ಕೊಡುತ್ತೆ ಅಂತ ಆ ಕಾಲದಲ್ಲಿ ಯಾವ ಕಪ್ಪು ಮನುಷ್ಯ ನಂಬಿದ್ದ? ತಾರತಮ್ಯ ಯಾವತ್ತೂ ಪುಸ್ತಕದಲ್ಲಿ ಬರ್ಕೊಂಡು ಕೂರಲ್ಲ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಗದದಲ್ಲಿ ಸಮಾನತೆ, ಊರಲ್ಲಿ ಬೇರೆ ಲೋಟ. ಪೀಕಾಕ್ ತೀರ್ಪು ತಪ್ಪು ಅನ್ನೋದು ನನ್ನ ಅಭಿಪ್ರಾಯ. ಆದರೆ ಇವತ್ತಿನ ಕಾನೂನು ಅದೇ. ಬಾಡಿಗೆದಾರರು 1443 ಅಂತ ಬರೆದ ನೋಟಿಸುಗಳು ಸಾಮಾನ್ಯವಾಗಿ ವಾಪಸ್ ಬರೋದು ಅದಕ್ಕೇ. ಜೊತೆಗೆ ಎದುರಾಳಿಯ ವಕೀಲರ ಖರ್ಚು ಕಟ್ಟಿ ಅಂತಲೂ ಕೋರ್ಟು ಹೇಳಬಹುದು. ಫೈಲಿಂಗ್ ಫೀ 405 ಡಾಲರ್ ಬೇರೆ. ಬಡವರು ಮನ್ನಾ ಕೇಳಬಹುದು, ನಿಜ. ಆದರೆ ಇದೇ ಕಾಗದ ತುಂಬಿಕೊಡ್ತೀವಿ ಅಂತ ದುಡ್ಡು ಕೀಳೋರು ಮನ್ನಾ ಮಾಡಲ್ಲ.

ಎಲ್ಲ ಬಾಡಿಗೆ ಜಗಳ ಫೆಡರಲ್ ಕೋರ್ಟಿಗೆ ಬಂದ್ರೆ ಅದು ಮುಳುಗಿ ಹೋಗುತ್ತೆ ಅಂತಾರೆ. ಒಪ್ತೀನಿ. ಹಾಗಾದ್ರೆ ರಾಜ್ಯದ ಕೋರ್ಟಲ್ಲಾದ್ರೂ ಬಾಡಿಗೆದಾರ ನಿಂತು ಮಾತಾಡೋ ಹಾಗಿರಬೇಕಲ್ಲ? ಕ್ಯಾಲಿಫೋರ್ನಿಯಾದಲ್ಲಿ ಉತ್ತರ ಸಲ್ಲಿಸೋಕೆ 5 ದಿನ ಇತ್ತು, 2025ರಿಂದ 10 ದಿನ ಆಗಿದೆ. ಕ್ರಿಮಿನಲ್ ಕೇಸಲ್ಲಿ ಬಡವನಿಗೆ ಸರ್ಕಾರ ವಕೀಲರನ್ನ ಕೊಡಬೇಕು. ಮನೆ ಕಳ್ಕೊಳ್ಳೋನಿಗೆ ಸಂವಿಧಾನ ಆ ಹಕ್ಕು ಕೊಟ್ಟಿಲ್ಲ. ನ್ಯೂಯಾರ್ಕ್ ನಗರ 2017ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ 2018ರಲ್ಲಿ ತಾವೇ ಕಾನೂನು ಮಾಡಿಕೊಂಡವು. ಜಗಳ ಆಡಬೇಕಾದ್ದು ಇದಕ್ಕೆ.

ಇನ್ನು ಜಾತಿಯ ಮಾತು. ಫೆಡರಲ್ ಫೇರ್ ಹೌಸಿಂಗ್ ಕಾಯ್ದೆಯಲ್ಲಿ ಜಾತಿ ಅನ್ನೋ ಪದ ಇಲ್ಲ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು, ವಸತಿಯಲ್ಲೂ. ಅದೇ ವರ್ಷ ಅಕ್ಟೋಬರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ನ್ಯೂಸಮ್, ಇರೋ ಕಾನೂನೇ ಸಾಕು ಅಂತ ಅಲ್ಲಿನ ಮಸೂದೆಗೆ ವೀಟೋ ಹಾಕಿದರು. ಸರಿ, ಆ ಮಾತನ್ನೇ ಹಿಡ್ಕೊಳ್ಳೋಣ. ಬಣ್ಣದ ಕಾರಣಕ್ಕೆ ಖಾಲಿ ಮಾಡಿಸ್ತಿದ್ದಾರೆ ಅನ್ನೋದನ್ನ ಬಾಡಿಗೆದಾರ ತನ್ನ ರಕ್ಷಣೆಗೆ ಎತ್ತಬಹುದು ಅಂತ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು 1962ರಲ್ಲೇ ಹೇಳಿದೆ. ಜಾತಿಯನ್ನೂ ಅಲ್ಲೇ, ರಾಜ್ಯದ ಕೋರ್ಟಲ್ಲೇ, ಗಡುವಿನೊಳಗೆ, ಸಾಕ್ಷಿ ಸಮೇತ ಎತ್ತಿ. ನೆನಪಿದೆಯಾ, ಸಿಸ್ಕೊ ಜಾತಿ ಕೇಸನ್ನ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆ 2020ರಲ್ಲಿ ಮೊದಲು ಫೆಡರಲ್ ಕೋರ್ಟಲ್ಲಿ ಹಾಕಿ, ಅದೇ ವರ್ಷ ಹಿಂತೆಗೆದು ರಾಜ್ಯದ ಕೋರ್ಟಲ್ಲಿ ಹಾಕ್ತು. ದೊಡ್ಡ ಕೋರ್ಟೇ ಯಾವಾಗಲೂ ನಮ್ಮ ಕೋರ್ಟು ಅಂತೇನಿಲ್ಲ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸಿದಾಗ ಅಮೆರಿಕದ ಈ ಎರಡು ಸಾಲಿನ ನ್ಯಾಯಾಂಗವನ್ನ ಹೆಸರಿಸಿಯೇ, ನಮಗೆ ಒಂದೇ ನ್ಯಾಯಾಂಗ ಸಾಕು ಅಂದರು. ಯಾವ ಕೋರ್ಟಿನ ಕೇಸು ಅನ್ನೋ ಜಗಳದಲ್ಲೇ ಬಡವನ ಗಡುವು ಮುಗಿಯೋದನ್ನ ನೋಡಿದಾಗ ಆ ಆಯ್ಕೆಯ ಬೆಲೆ ತಿಳಿಯುತ್ತೆ. ಒಂದೇ ಸಾಲಿನ ನ್ಯಾಯಾಂಗ ಇದ್ದೂ ನಮ್ಮ ಕೊಳೆಗೇರಿಗಳಿಗೆ ಬುಲ್ಡೋಜರ್ ಬರೋದು ತಪ್ಪಿಲ್ಲ ಅನ್ನೋದೂ ನಿಜವೇ.

ಅಲ್ಲಿರೋ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ: ನೋಟಿಸ್ ಬಂದ ದಿನವೇ ಬಾಡಿಗೆದಾರರ ಸಂಘಕ್ಕೆ, ಉಚಿತ ಕಾನೂನು ನೆರವಿಗೆ ಫೋನ್ ಮಾಡಿ. ಓನರ್ ಆಡಿದ ಮಾತು, ಕಳಿಸಿದ ಮೆಸೇಜು ಎಲ್ಲ ಎತ್ತಿಟ್ಟುಕೊಳ್ಳಿ. ಉತ್ತರ ಸಲ್ಲಿಸೋ ದಿನ ತಪ್ಪಿಸಬೇಡಿ. ಗ್ರೂಪಲ್ಲಿ ಆ ಹಳೇ ಸಲಹೆ ಮತ್ತೆ ಬಂದ್ರೆ ಇದನ್ನ ಅದರ ಕೆಳಗೆ ಹಾಕಿ.

ಜೈ ಭೀಮ್.