ಮನೆಯಿಂದ ಕೆಲಸ ನಮಗೆ ಹೊಸತಲ್ಲ, ಬೀಡಿ ಕಟ್ಟಿದವರನ್ನು ಕೇಳಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮದುವೆ ಮನೆಯಲ್ಲಿ ಈಗ ಒಂದು ಮಾತು ಮಾಮೂಲಿ: "ಮಗ ಊರಲ್ಲೇ ಇದ್ದಾನೆ, ವರ್ಕ್ ಫ್ರಂ ಹೋಮ್." ಹೇಳುವವರ ಮುಖದಲ್ಲಿ ಖುಷಿ ಇರುತ್ತದೆ. ಮುಂಬಯಿಯ ಹೋಟೆಲಿಗೆ, ಗಲ್ಫಿಗೆ, ಬೆಂಗಳೂರಿಗೆ ಮಕ್ಕಳನ್ನು ಕಳುಹಿಸಿ ಅಭ್ಯಾಸವಾದ ಊರು ನಮ್ಮದು. ಒಬ್ಬ ವಾಪಸು ಬಂದು ಅಪ್ಪ ಅಮ್ಮನ ಜೊತೆ ಇದ್ದಾನೆ ಅಂದರೆ ಸಣ್ಣ ಸಂಗತಿಯಲ್ಲ.

2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಬಂದವರಲ್ಲಿ ಹೆಚ್ಚಿನವರು ತಿರುಗಿ ಹೋದರು, ಕೆಲವರು ಉಳಿದರು. ಸಂಬಳ ಬೆಂಗಳೂರಿನದ್ದು, ಊಟ ಮನೆಯದ್ದು, ಬಾಡಿಗೆ ಇಲ್ಲ. ಹೊರಗಿನಿಂದ ನೋಡಿದರೆ ಸ್ವರ್ಗ. ಆದರೆ ಈ ಸ್ವರ್ಗದ ಖರ್ಚು ಯಾರು ಕೊಡುತ್ತಿದ್ದಾರೆ ಎಂದು ಯಾರೂ ಕೇಳುತ್ತಿಲ್ಲ.

ಜೂನ್ ತಿಂಗಳಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಟವರಿನ ಬ್ಯಾಟರಿ ಮುಗಿದರೆ ಮೊಬೈಲ್ ನೆಟ್ ಕೂಡ ಹೋಯಿತು. ಕಂಪನಿಯ ಮೀಟಿಂಗ್ ಮಳೆ ನಿಲ್ಲುವವರೆಗೆ ಕಾಯುವುದಿಲ್ಲ. ಆಗ ಹುಡುಗ ಸ್ಕೂಟರ್ ಹತ್ತಿ ಉಜಿರೆಗೋ ಬಿ.ಸಿ.ರೋಡಿಗೋ ಓಡಬೇಕು, ಇಲ್ಲವೇ ಅರ್ಧ ದಿನ ರಜೆ ಹಾಕಬೇಕು. ಇನ್ವರ್ಟರ್ ಅವನದ್ದು, ಫೈಬರ್ ಬಿಲ್ ಅವನದ್ದು, ಕುರ್ಚಿ ಮೇಜು ಅವನದ್ದು. ಕರೆಂಟ್ ಇಲ್ಲದ ಹೊತ್ತಿನ ನಷ್ಟವೂ ಅವನದ್ದೇ. 2021ರ ಜೂನ್‌ನಲ್ಲಿ ಸುಳ್ಯದ ಬಳ್ಳಕದಲ್ಲಿ ನೆಟ್‌ವರ್ಕ್ ಹುಡುಕಿ ರಸ್ತೆ ಬದಿ ಕೂತ ಹುಡುಗಿಗೆ ಅಪ್ಪ ಕೊಡೆ ಹಿಡಿದ ಫೋಟೋ ದೇಶವೆಲ್ಲ ನೋಡಿತು. ಅಂದು ಆ ಅಪ್ಪ ಹಿಡಿದ ಕೊಡೆಯನ್ನು ಇಂದು ಕೆಲಸಗಾರ ತಾನೇ ಹಿಡಿದುಕೊಂಡಿದ್ದಾನೆ.

ಇದೇನೂ ಹೊಸ ಕತೆಯಲ್ಲ. ನಮ್ಮ ತಾಲೂಕುಗಳಲ್ಲಿ ಮನೆಯಿಂದ ಕೆಲಸ ಮೊದಲು ಮಾಡಿದವರು ಬೀಡಿ ಕಟ್ಟಿದ ಹೆಂಗಸರು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು. ಅಡುಗೆ, ದನ, ಮಕ್ಕಳು ಎಲ್ಲ ಮುಗಿದ ಮೇಲೆ ಗೆರಸೆ ತೊಡೆಯ ಮೇಲಿಟ್ಟು ಕೂರುವುದು. ಕೂರುವ ಜಾಗ, ರಾತ್ರಿಯ ದೀಪ, ಬ್ರಾಂಚಿಗೆ ನಡೆಯುವ ದಾರಿ ಎಲ್ಲ ತಮ್ಮದೇ. ಲೆಕ್ಕ ಮಾತ್ರ ಸಾವಿರಕ್ಕೆ ಇಷ್ಟು ಎಂದು. ಸರಿಯಿಲ್ಲ ಎಂದು ಬದಿಗೆ ಹಾಕಿದ ಬೀಡಿಗೆ ದುಡ್ಡಿಲ್ಲ.

ಮಾಲೀಕರ ವಾದ ಒಂದೇ ಆಗಿತ್ತು: ಮನೆಯಲ್ಲಿ ಕೂತು ಮಾಡುವವರು ನಮ್ಮ ಕಾರ್ಮಿಕರೇ ಅಲ್ಲ. ಈ ಮಾತನ್ನು ಒಡೆಯಲು ವರ್ಷಗಟ್ಟಲೆ ಬೇಕಾಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದಿತು. ಬೀಡಿ ತಿರಸ್ಕರಿಸಿದ ಜಗಳವನ್ನು ಯಾರ ಮುಂದೆ ಇಡಬೇಕು ಎಂಬುದಕ್ಕೂ ದಾರಿ ಮಾಡಿತು. ಆ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಕೂಡ ಇತ್ತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೂ ಪಿ.ಎಫ್. ಸಲ್ಲಬೇಕು ಎಂದು 1985ರಲ್ಲಿ ಇನ್ನೊಂದು ತೀರ್ಪು ಬಂತು. 1976ರ ಕಲ್ಯಾಣ ನಿಧಿಯಿಂದ ಆಸ್ಪತ್ರೆ, ಮನೆ, ಮಕ್ಕಳ ಸ್ಕಾಲರ್‌ಶಿಪ್ ಸಿಕ್ಕಿತು. ಇವತ್ತು ಲ್ಯಾಪ್‌ಟಾಪ್ ಮುಂದೆ ಕೂತ ಎಷ್ಟೋ ಹುಡುಗ ಹುಡುಗಿಯರ ಶಾಲೆ ಫೀಸಿನ ಹಿಂದೆ ಅಮ್ಮನ ಬೀಡಿ ಕಾರ್ಡ್ ಇದೆ.

ಈಗ ಮಕ್ಕಳ ಕಾಲಕ್ಕೆ ಬನ್ನಿ. ಕಂಪನಿಗಳಿಗೆ ಬೇಕಾದ ನಿಯಮ ಬೇಗ ಬದಲಾಯಿತು. ಮನೆಯಿಂದ ಕೆಲಸಕ್ಕೆ ಅಡ್ಡಿಯಾಗಿದ್ದ ಟೆಲಿಕಾಂ ಷರತ್ತುಗಳನ್ನು ಕೇಂದ್ರ 2020ರ ನವೆಂಬರಿನಲ್ಲಿ ಸಡಿಲಿಸಿತು. ವಿಶೇಷ ಆರ್ಥಿಕ ವಲಯದ ನೌಕರರಿಗೆ ಮನೆಯಿಂದ ಕೆಲಸ ಮಾಡಲು 2022ರ ಜುಲೈಯಲ್ಲಿ ಹೊಸ ನಿಯಮ ಬಂತು. ಕೆಲಸಗಾರನ ಕಡೆಯಿಂದ ನೋಡಿದರೆ? ನೌಕರಿಯ ಷರತ್ತುಗಳನ್ನು ಬರೆದಿಡಬೇಕೆಂಬ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಿತು. 2024ರಲ್ಲಿ ಅದನ್ನು ಮತ್ತೆ 5 ವರ್ಷ ಮುಂದುವರಿಸಿತು. ನಾಳೆ ಒಂದು ಇಮೇಲ್ ಬಂದು "ಸೋಮವಾರದಿಂದ ಆಫೀಸಿಗೆ ಬನ್ನಿ" ಎಂದರೆ, ಊರಿನಲ್ಲಿ ಮನೆ ರಿಪೇರಿಗೆ ಸಾಲ ಮಾಡಿ ಕೂತವನು ಯಾವ ಕಾಗದ ತೋರಿಸಬೇಕು?

ಪೋರ್ಚುಗಲ್ ದೇಶ 2021ರಲ್ಲೇ ಮನೆಯಿಂದ ಕೆಲಸ ಮಾಡುವವರಿಗಾಗಿ ಕಾನೂನು ತಂದಿತು. ಹೆಚ್ಚುವರಿ ಕರೆಂಟ್, ಇಂಟರ್ನೆಟ್ ಖರ್ಚನ್ನು ಮಾಲೀಕರು ಕೊಡಬೇಕು, ಕೆಲಸದ ಹೊತ್ತು ಮುಗಿದ ಮೇಲೆ ಸುಮ್ಮಸುಮ್ಮನೆ ಫೋನ್ ಮಾಡಬಾರದು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

"ಎಸಿಯಲ್ಲಿ ಕೂತು ಲಕ್ಷ ದುಡಿಯುವವರಿಗೂ ಬೀಡಿ ಕಟ್ಟಿದವರಿಗೂ ಎತ್ತಣ ಸಂಬಂಧ ಮಾರಾಯ್ರೆ" ಎಂದು ಕೆಲವರು ಕೇಳಬಹುದು. ಸಂಬಳದಲ್ಲಿ ಸಂಬಂಧವಿಲ್ಲ, ನಿಜ. ಆದರೆ ಊರಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ದುಡಿಯುವವರೆಲ್ಲ ಲಕ್ಷ ಎಣಿಸುವುದಿಲ್ಲ. ಡೇಟಾ ಎಂಟ್ರಿ, ಕಸ್ಟಮರ್ ಕೇರ್, ವಿಡಿಯೋ ಎಡಿಟಿಂಗ್, ಅನುವಾದ ಮಾಡುವವರಿಗೆ ಇಂದಿಗೂ ಲೆಕ್ಕ ಒಂದು ಫೈಲಿಗೆ ಇಷ್ಟು, ಒಂದು ಪುಟಕ್ಕೆ ಇಷ್ಟು. ಇಷ್ಟವಾಗದಿದ್ದರೆ ದುಡ್ಡಿಲ್ಲ. ಸಾವಿರಕ್ಕೆ ಇಷ್ಟು ಎಂಬುದರ ಹೊಸ ರೂಪ ಇದು. ಪಿ.ಎಫ್. ಇಲ್ಲ, ಕಾರ್ಡ್ ಇಲ್ಲ, ದೂರು ಕೊಡಲು ಬ್ರಾಂಚ್ ಕೂಡ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಏನೂ ಬದಲಾಗಿಲ್ಲ. ಮಗ ಲ್ಯಾಪ್‌ಟಾಪ್ ತೆರೆದರೆ "ಅವನಿಗೆ ಡ್ಯೂಟಿ, ಮಾತಾಡಿಸಬೇಡಿ". ಸೊಸೆ ತೆರೆದರೆ "ಮನೆಯಲ್ಲೇ ಇದ್ದಾಳಲ್ಲ, ಒಂದು ಚಾ ಮಾಡಲಿ". ಅತ್ತೆ ಬೀಡಿ ಕಟ್ಟುತ್ತಿದ್ದಾಗಲೂ ಇದೇ ಮಾತು ಕೇಳಿರುತ್ತಾರೆ. ಮನೆಯೊಳಗೆ ಮಾಡಿದ್ದು ಕೆಲಸವಲ್ಲ ಎಂಬ ನಮ್ಮ ನಂಬಿಕೆಯೂ, ಮನೆಯಲ್ಲಿ ಮಾಡುವವರು ಕಾರ್ಮಿಕರಲ್ಲ ಎಂಬ ಮಾಲೀಕರ ವಾದವೂ ಒಂದೇ ಬೇರಿನದ್ದು.

ಕಾನೂನು ಬರಲು ಸಮಯ ಬೇಕು. ಅಷ್ಟರೊಳಗೆ ಊರಿನಲ್ಲೇ ಆಗಬಹುದಾದದ್ದು ಇದೆ. ಗ್ರಾಮ ಪಂಚಾಯತ್ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ. 2011ರಲ್ಲಿ ಶುರುವಾದ ಯೋಜನೆಯೇ ಇಂದಿನ ಭಾರತ್‌ನೆಟ್. ಪಂಚಾಯತ್‌ಗಳಿಗೆ ಫೈಬರ್ ತರುವುದೇ ಅದರ ಉದ್ದೇಶ. ಅರಿವು ಕೇಂದ್ರದಲ್ಲಿ ಒಂದು ಕೋಣೆ, ನಾಲ್ಕು ಮೇಜು, ಸೋಲಾರ್ ಬ್ಯಾಟರಿ, ನಂಬಬಹುದಾದ ನೆಟ್. ದಿನಕ್ಕೆ ಇಷ್ಟು ಎಂದು ಶುಲ್ಕ ಇಡಲಿ, ವಿದ್ಯಾರ್ಥಿಗಳಿಗೆ ಬಿಟ್ಟಿ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಐಟಿ ಹುಡುಗನಿಗೂ, ಡೇಟಾ ಎಂಟ್ರಿ ಮಾಡುವ ಹುಡುಗಿಗೂ, ಸ್ಕಾಲರ್‌ಶಿಪ್ ಅರ್ಜಿ ತುಂಬುವ ಮಗುವಿಗೂ ಅದು ಆಸರೆ.

"ಐಟಿಯವರಿಗೆ ಪಂಚಾಯತ್ ದುಡ್ಡು ಯಾಕೆ" ಎನ್ನುವವರಿಗೆ ಒಂದು ಮಾತು. ಊರಲ್ಲಿ ಉಳಿದವನು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ, ಅಡಿಕೆ ತೋಟಕ್ಕೆ ಔಷಧಿ ಹೊಡೆಸುತ್ತಾನೆ, ಪೇಟೆಯ ಅಂಗಡಿಯಲ್ಲೇ ಖರ್ಚು ಮಾಡುತ್ತಾನೆ. ಅವನು ಹೋದರೆ ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು ಮತ್ತು ಒಂದು ಸಿಸಿ ಕ್ಯಾಮೆರಾ ಉಳಿಯುತ್ತದೆ. ಅಂಥ ಮನೆಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ದಾರಿದೀಪದ ಜೊತೆ ಈ ಕೋಣೆಯ ಮಾತೂ ಎತ್ತಿ. ಲ್ಯಾಪ್‌ಟಾಪಿನವರು ಗ್ರಾಮಸಭೆಗೆ ಬರುವುದೇ ಇಲ್ಲ ಎಂಬ ದೂರಿದೆ. ಈ ಸಲ ಬನ್ನಿ. ಬೀಡಿ ಕಟ್ಟಿದ ಅಮ್ಮಂದಿರಿಗೆ ಪಿ.ಎಫ್. ಯಾರೂ ಕರೆದು ಕೊಟ್ಟದ್ದಲ್ಲ. ಸಂಘ ಕಟ್ಟಿ, ಕೋರ್ಟು ಹತ್ತಿ, ಕೇಳಿ ಪಡೆದದ್ದು.